ಬಾಡಿಗೆ ವಿಳಾಸದ ಕತೆ

ವೈಟ್ಟಿಲ ಜಂಕ್ಷನ್ ಗೊತ್ತಿಲ್ಲದ ಕೊಚ್ಚಿಯವರು ಸಿಗಲಿಕ್ಕಿಲ್ಲ. ಹೆದ್ದಾರಿಯ ಬೈಪಾಸು ಮತ್ತು ಎಸ್.ಎ. ರೋಡು ಕೂಡುವ ಜಾಗ. 2011ರಲ್ಲಿ ಇಲ್ಲಿಗೆ ಬಸ್ಸುಗಳ ಮೊಬಿಲಿಟಿ ಹಬ್ ಬಂತು, 2019ರಲ್ಲಿ ಮೆಟ್ರೋ ಬಂತು, 2021ರಲ್ಲಿ ಮೇಲ್ಸೇತುವೆ, 2023ರಲ್ಲಿ ಕಾಕ್ಕನಾಡಿಗೆ ಹೋಗುವ ವಾಟರ್ ಮೆಟ್ರೋ ದೋಣಿ. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದ ನಮ್ಮ ನೆಂಟರಿಷ್ಟರು ಬೆಳಿಗ್ಗೆ ಕಣ್ಣುಜ್ಜಿಕೊಂಡು ಇಳಿಯುವುದೂ ಇಲ್ಲೇ. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಅವರ ಮೊದಲ ಪ್ರಶ್ನೆ ಮುಂಚೆ "ಬಿಸಿನೀರು ಇದೆಯಾ?" ಅಂತ ಇರುತ್ತಿತ್ತು. ಈಗ "ವೈಫೈ ಪಾಸ್‌ವರ್ಡ್ ಏನು?" ಅಂತ :-)

ಪಾಸ್‌ವರ್ಡ್ ಹೇಳುತ್ತೇವೆ, ಅವರು ಒತ್ತುತ್ತಾರೆ, ಮುಗಿಯಿತು. ಆದರೆ ಪಾಸ್‌ವರ್ಡ್ ಅನ್ನುವುದು ಬಾಗಿಲ ಬೀಗದ ಕೈ ಮಾತ್ರ. ಬಾಗಿಲು ತೆರೆದ ಮೇಲೆ ಆ ಮೊಬೈಲಿಗೆ ಈ ಮನೆಯ ಜಾಲದಲ್ಲಿ ಒಂದು ವಿಳಾಸ ಬೇಕು. ವಿಳಾಸವಿಲ್ಲದಿದ್ದರೆ ಅದು ಕೇಳಿದ ಪುಟವನ್ನು ಯಾರಿಗೆ ತಂದುಕೊಡಬೇಕು ಅನ್ನುವುದೇ ತಿಳಿಯುವುದಿಲ್ಲ. ಅಂಚೆಯವನ ಪಾಡು ಊಹಿಸಿಕೊಳ್ಳಿ. ಆ ವಿಳಾಸ ಕೊಟ್ಟವರು ಯಾರು? ನೀವಂತೂ ಕೊಡಲಿಲ್ಲ. ನೆಂಟರು ಕೇಳಲೂ ಇಲ್ಲ. ಕೇಳದೇ ಸಿಗುವ ಈ ವಿಳಾಸದ ಹಿಂದೆ ನಲವತ್ತು ವರ್ಷಗಳ ಇತಿಹಾಸವಿದೆ. ಊರು ಬಿಟ್ಟು ಬಂದು, ಬಾಡಿಗೆ ಮನೆಗಳಲ್ಲಿ ಬಾಳಿ, ವಿಳಾಸದ ಪುರಾವೆಗೆ ಕಚೇರಿ ಕಚೇರಿ ಅಲೆದ ನಮ್ಮಂಥವರಿಗೆ ಅದು ಸ್ವಲ್ಪ ಹತ್ತಿರದ ಕತೆ ಅಂತ ನನಗನ್ನಿಸುತ್ತದೆ.

ಮೊದಲು ಒಂದು ಕಂಪ್ಯೂಟರಿಗೆ ಜಾಲ ಸೇರಲು ಏನೇನು ಬೇಕು ನೋಡೋಣ. ಮುಖ್ಯವಾಗಿ ನಾಲ್ಕು ಸಂಗತಿ. ಒಂದು, ಅದರ ಸ್ವಂತ ನಂಬರು, ಅಂದರೆ ಐಪಿ ವಿಳಾಸ. ಎರಡು, ತನ್ನ ಓಣಿ ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಗಡಿ, ಇದಕ್ಕೆ ಸಬ್‌ನೆಟ್ ಮಾಸ್ಕ್ ಅನ್ನುತ್ತಾರೆ. ಮೂರು, ಓಣಿಯಿಂದ ಹೊರಗೆ ಹೋಗುವ ಬಾಗಿಲು, ಅದು ಗೇಟ್‌ವೇ. ನಾಲ್ಕು, ಹೆಸರು ಹೇಳಿದರೆ ನಂಬರು ಹುಡುಕಿಕೊಡುವ ಡಿಎನ್‌ಎಸ್ ಸರ್ವರ್. ಮೂಲೆಯ ಅಂಗಡಿಯಲ್ಲಿ "ಇಂಥವರ ಮನೆ ಎಲ್ಲಿ?" ಅಂತ ವಿಚಾರಿಸುತ್ತೇವಲ್ಲ, ಹಾಗೆ. ಈ ನಾಲ್ಕರಲ್ಲಿ ಒಂದು ಅಂಕಿ ತಪ್ಪಿದರೂ ಯಂತ್ರ ಮೂಗಿಯಾಗಿ ಕೂರುತ್ತದೆ. ಏನು ತಪ್ಪಿದೆ ಅಂತಲೂ ಹೇಳುವುದಿಲ್ಲ.

ಹಳೆಯ ಕಾಲದಲ್ಲಿ ಇದೆಲ್ಲ ಮನುಷ್ಯರ ಕೈಯಲ್ಲಿತ್ತು. ಇಂಟರ್ನೆಟ್ಟಿನ ಅಜ್ಜ ಅರ್ಪಾನೆಟ್ಟಿನಲ್ಲಿ ಇಂತಿಂಥ ಕೆಲಸಕ್ಕೆ ಇಂತಿಂಥ ನಂಬರು ಅನ್ನುವ ಲೆಕ್ಕವನ್ನು ಜಾನ್ ಪೋಸ್ಟೆಲ್ ಎಂಬ ಗಡ್ಡದ ಮನುಷ್ಯ ಇಟ್ಟುಕೊಂಡಿದ್ದ. ಯಾವ ಯಂತ್ರದ ಹೆಸರೇನು, ವಿಳಾಸವೇನು ಅನ್ನುವ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿಸಬೇಕಾದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸಬೇಕು, ಉಳಿದವರು ಆ ಪಟ್ಟಿಯನ್ನು ಇಳಿಸಿಕೊಳ್ಳಬೇಕು. ಕೆಲವು ನೂರು ಯಂತ್ರಗಳಿದ್ದ ಕಾಲಕ್ಕೆ ಇದು ಸಾಕಾಗಿತ್ತು. ಹಳ್ಳಿಯಲ್ಲಿ ಶಾನುಭೋಗರ ಲೆಕ್ಕ ಇದ್ದ ಹಾಗೆ.

ನಮ್ಮೂರುಗಳ ಕಚೇರಿಗಳಲ್ಲಿ ಶಾನುಭೋಗಿಕೆ ಇನ್ನೂ ಬಹಳ ವರ್ಷ ನಡೆಯಿತು. ನಾನು ಎರ್ನಾಕುಳಂಗೆ ಬಂದದ್ದು 90ರ ದಶಕದ ಕೊನೆಯಲ್ಲಿ. ಮೊದಲು ಸೇರಿದ ಕಚೇರಿಯಲ್ಲಿ (ಹೆಸರು ಬೇಡ) ನಂಬರುಗಳೆಲ್ಲ ಒಂದು ಉದ್ದನೆಯ ನೋಟುಬುಕ್ಕಿನಲ್ಲಿದ್ದವು. ಆ ನೋಟುಬುಕ್ಕು ಒಬ್ಬ ಚೇಟ್ಟನ ಡ್ರಾಯರಿನಲ್ಲಿತ್ತು, ಡ್ರಾಯರಿನ ಕೀ ಅವರ ಜೇಬಿನಲ್ಲಿತ್ತು. ಹೊಸಬರು ಬಂದರೆ "ಚೇಟ್ಟಾ, ಒಂದು ನಂಬರು..." ಅಂತ ಹೋಗಿ ನಿಲ್ಲಬೇಕು. ಅವರು ಕನ್ನಡಕ ಏರಿಸಿ, ಪುಟ ತಿರುಗಿಸಿ, ಖಾಲಿ ಇರುವ ಸಾಲು ಹುಡುಕಿ, ಪೆನ್ಸಿಲಿನಲ್ಲಿ ಹೆಸರು ಬರೆದುಕೊಂಡು, ಆಮೇಲೆ ಎದ್ದು ಬಂದು ಒಂದೊಂದೇ ಅಂಕಿ ಒತ್ತುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಓಣಂ ರಜಕ್ಕೆ ಅವರು ತೃಶ್ಶೂರಿಗೆ ಹೋದರೆ ಆ ವಾರ ಹೊಸದಾಗಿ ಸೇರಿದವರು ನೆಟ್‌ವರ್ಕಿನಿಂದ ಹೊರಗೆ. ಅವಸರಕ್ಕೆ ಯಾರೋ ಪಕ್ಕದ ಯಂತ್ರದ ನಂಬರನ್ನೇ ನಕಲು ಹೊಡೆದರೆ ಒಂದೇ ಮನೆಗೆ ಎರಡು ಸಂಸಾರ ನುಗ್ಗಿದ ಹಾಗೆ. ಎರಡೂ ಪರದೆಗಳ ಮೇಲೆ ವಿಳಾಸ ಘರ್ಷಣೆ ಅನ್ನುವ ಎಚ್ಚರಿಕೆ, ಎರಡಕ್ಕೂ ಕೆಲಸವಿಲ್ಲ.

ಅಂದ ಹಾಗೆ ಆ ಕಾಲದಲ್ಲಿ ಎಲ್ಲ ಜಾಲಗಳೂ ಹೀಗೇ ಇರಲಿಲ್ಲ. ನಮ್ಮ ದೇಶದ ಕಚೇರಿಗಳಲ್ಲಿ ಬಹಳವಿದ್ದ ನೋವೆಲ್ ನೆಟ್‌ವೇರ್, ಜಾಲದ ಕಾರ್ಡಿನೊಳಗೆ ಕಾರ್ಖಾನೆಯಲ್ಲೇ ಕೊರೆದಿದ್ದ ನಂಬರನ್ನೇ ವಿಳಾಸಕ್ಕೆ ಬಳಸಿಕೊಳ್ಳುತ್ತಿತ್ತು. ಆ್ಯಪಲ್ ಕಂಪನಿಯ ಆ್ಯಪಲ್‌ಟಾಕ್ ಇನ್ನೂ ಚೆಂದ. ಯಂತ್ರ ತಾನೇ ಒಂದು ನಂಬರು ಆರಿಸಿಕೊಂಡು "ಇದು ಯಾರದ್ದಾದರೂ ಇದೆಯಾ?" ಅಂತ ಕೇಳಿ, ಯಾರೂ ಮಾತಾಡದಿದ್ದರೆ ಅದನ್ನೇ ಇಟ್ಟುಕೊಳ್ಳುತ್ತಿತ್ತು. ಇಷ್ಟು ಸುಲಭವಿದ್ದದ್ದನ್ನು ಬಿಟ್ಟು ಜಗತ್ತು ಕಷ್ಟದ ಐಪಿಯನ್ನೇ ಯಾಕೆ ಹಿಡಿಯಿತು ಅಂದರೆ, ಓಣಿ ದಾಟಿ ಊರು ದಾಟಿ ಸಮುದ್ರ ದಾಟಿ ಎಲ್ಲ ಜಾಲಗಳನ್ನೂ ಜೋಡಿಸುವ ತಾಕತ್ತು ಅದಕ್ಕಿತ್ತು. ಉಳಿದದ್ದು ಒಂದೇ ತೊಡಕು, ಈ ಚೇಟ್ಟನ ನೋಟುಬುಕ್ಕು.

ನೋಟುಬುಕ್ಕಿನಿಂದ ಬಿಡಿಸಿಕೊಳ್ಳುವ ಪ್ರಯತ್ನ ಶುರುವಾದದ್ದು ಅನಿವಾರ್ಯದಿಂದ. 80ರ ದಶಕದಲ್ಲಿ ಡಿಸ್ಕ್ ಬಹಳ ದುಬಾರಿ. ಹಾಗಾಗಿ ಡಿಸ್ಕೇ ಇಲ್ಲದ ಯಂತ್ರಗಳನ್ನು ಮಾಡಿ, ಅವು ಬೇಕಾದ್ದನ್ನೆಲ್ಲ ಜಾಲದ ಮೂಲಕ ದೊಡ್ಡ ಯಂತ್ರದಿಂದ ತರಿಸಿಕೊಳ್ಳುವ ಹಾಗೆ ಮಾಡಿದರು. ಈಗ ಫಜೀತಿ ನೋಡಿ: ಡಿಸ್ಕ್ ಇಲ್ಲ ಅಂದ ಮೇಲೆ ತನ್ನ ವಿಳಾಸವನ್ನು ಬರೆದಿಟ್ಟುಕೊಳ್ಳಲು ಜಾಗವೇ ಇಲ್ಲ. ಪ್ರತಿ ಬೆಳಿಗ್ಗೆ ಸ್ವಿಚ್ ಹಾಕಿದಾಗಲೂ ಅದಕ್ಕೆ ತಾನು ಯಾರು ಅನ್ನುವುದೇ ಮರೆತಿರುತ್ತದೆ. ನೆನಪಿರುವುದು ಕಾರ್ಡಿನಲ್ಲಿ ಕೊರೆದ ನಂಬರು ಮಾತ್ರ.

1984ರ ಜೂನಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಾಲ್ವರು ಇದಕ್ಕೊಂದು ದಾರಿ ಬರೆದರು, ಹೆಸರು ರಾರ್ಪ್. "ನನ್ನ ಕಾರ್ಡಿನ ನಂಬರು ಇಷ್ಟು, ನನ್ನ ಐಪಿ ವಿಳಾಸ ಯಾರಿಗಾದರೂ ಗೊತ್ತಾ?" ಅಂತ ಯಂತ್ರ ಕೂಗಿದರೆ, ಗೊತ್ತಿದ್ದ ಸರ್ವರ್ ಉತ್ತರ ಕೊಡುತ್ತದೆ. ಆದರೆ ಕೂಗು ತನ್ನ ಓಣಿ ದಾಟುತ್ತಿರಲಿಲ್ಲ. ಓಣಿಗೊಂದು ಸರ್ವರ್ ಇಡಬೇಕು. ಸಿಗುವುದೂ ಬರೀ ಒಂದು ನಂಬರು.

ಮರುವರ್ಷ, 1985ರ ಸೆಪ್ಟೆಂಬರಿನಲ್ಲಿ, ಸ್ಟ್ಯಾನ್‌ಫರ್ಡಿನ ಬಿಲ್ ಕ್ರಾಫ್ಟ್ ಮತ್ತು ಸನ್ ಕಂಪನಿಯ ಜಾನ್ ಗಿಲ್ಮೋರ್ ಸೇರಿ ಬೂಟ್‌ಪಿ ಅನ್ನುವುದನ್ನು ಬರೆದರು. ಇದರಲ್ಲಿ ಕೂಗನ್ನು ಕೇಳಿಸಿಕೊಂಡು ಪಕ್ಕದ ಓಣಿಗೆ ದಾಟಿಸುವ ಮಧ್ಯಸ್ಥ ಯಂತ್ರಕ್ಕೆ ಅವಕಾಶವಿತ್ತು. ವಿಳಾಸದ ಜೊತೆಗೆ, ಮುಂದೆ ಯಾವ ಕಡತ ತಂದುಕೊಂಡು ಏಳಬೇಕು ಅನ್ನುವುದೂ ಸಿಗುತ್ತಿತ್ತು. ಅದೇ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ತನ್ನದೇ ಉಪಗ್ರಹ ಸಂಪರ್ಕದಿಂದ ಅಮೆರಿಕಕ್ಕೆ ಕೆಲಸ ಕಳಿಸಲು ತಯಾರಾಗುತ್ತಿತ್ತು. ಮುಂದೆ ನಮ್ಮೂರಿಂದ ಎಷ್ಟೋ ಹುಡುಗರು ಬೆಂಗಳೂರಿಗೂ ಅಲ್ಲಿಂದಾಚೆಗೂ ಗುಳೆ ಹೋಗುವುದಕ್ಕೆ ಕಾರಣವಾದ ದಾರಿ ಅದು.

ಬೂಟ್‌ಪಿಯಲ್ಲಿ ಒಂದು ಕೊರತೆ ಉಳಿಯಿತು. ಯಾವ ಕಾರ್ಡಿಗೆ ಯಾವ ವಿಳಾಸ ಅಂತ ಸರ್ವರಿನ ಕಡತದಲ್ಲಿ ಮೊದಲೇ ಬರೆದಿಡಬೇಕಿತ್ತು. ಚೇಟ್ಟನ ನೋಟುಬುಕ್ಕು ಡ್ರಾಯರಿನಿಂದ ಕಂಪ್ಯೂಟರಿನೊಳಗೆ ಹೋಯಿತು, ಅಷ್ಟೆ. ಹೆಸರಿಲ್ಲದವನಿಗೆ ಉತ್ತರವಿಲ್ಲ. ಪಟ್ಟಿಯಲ್ಲಿರುವವರನ್ನು ಮಾತ್ರ ಮಾತಾಡಿಸುವ ಊರು ಅದು.

ಅಷ್ಟರಲ್ಲಿ ಕಂಪ್ಯೂಟರುಗಳು ಮೇಜು ಬಿಟ್ಟು ಚೀಲ ಸೇರತೊಡಗಿದ್ದವು. ಇವತ್ತು ಇಲ್ಲಿ, ನಾಳೆ ಇನ್ನೊಂದು ಕಟ್ಟಡದಲ್ಲಿ. ಇಂಟರ್ನೆಟ್ಟಿನ ನಿಯಮ ಬರೆಯುವವರ ಕೂಟದಲ್ಲಿ 1989ರಲ್ಲಿ ಇದಕ್ಕೆಂದೇ ಒಂದು ಕಾರ್ಯತಂಡ ಕೂತಿತು. ಅದರ ಮುಂದಾಳು ರಾಲ್ಫ್ ಡ್ರೋಮ್ಸ್, ಅಮೆರಿಕದ ಬಕ್ನೆಲ್ ಎಂಬ ಚಿಕ್ಕ ವಿಶ್ವವಿದ್ಯಾಲಯದ ಮೇಷ್ಟ್ರು. 1993ರ ಅಕ್ಟೋಬರಿನಲ್ಲಿ ಹೊಸ ನಿಯಮ ಬಂತು, 1997ರ ಮಾರ್ಚಿನಲ್ಲಿ ತಿದ್ದಿದ ಆವೃತ್ತಿ. ಅದರ ಹೆಸರು ಡೈನಾಮಿಕ್ ಹೋಸ್ಟ್ ಕಾನ್ಫಿಗರೇಶನ್ ಪ್ರೋಟೊಕಾಲ್, ಬಾಯಿಮಾತಿಗೆ ಡಿಎಚ್‌ಸಿಪಿ. ಹೆಸರು ಭಯಂಕರ, ಮಾತುಕತೆ ಮಾತ್ರ ತೀರಾ ಸರಳ:

"ಯಾರಾದ್ರೂ ಇದ್ದೀರಾ? ನಾನು ಹೊಸಬ, ಒಂದು ವಿಳಾಸ ಬೇಕಿತ್ತು."
"ಇಲ್ಲಿದ್ದೀನಿ. ಈ ನಂಬರು ಖಾಲಿ ಇದೆ, ಇಷ್ಟು ಹೊತ್ತಿಗೆ. ಆಗಬಹುದಾ?"
"ಆಗಬಹುದು. ಅದನ್ನೇ ಕೊಡಿ."
"ಕೊಟ್ಟೆ. ಬರೆದುಕೊಂಡೆ."

ನಾಲ್ಕೇ ಮಾತು. ಮೊದಲ ಮಾತನ್ನು ಗಮನಿಸಿ. ಕೂಗುವವನಿಗೆ ಸ್ವಂತ ವಿಳಾಸವಿಲ್ಲ, ಹಾಗಾಗಿ ಕಳಿಸಿದವರ ಜಾಗದಲ್ಲಿ ನಾಲ್ಕು ಸೊನ್ನೆ ಬರೆದುಕೊಳ್ಳುತ್ತಾನೆ. ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ, ಹಾಗಾಗಿ ಓಣಿಗೆ ಓಣಿಯೇ ಕೇಳುವ ಹಾಗೆ ಕೂಗುತ್ತಾನೆ. ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ಇಳಿದವನ ಸ್ಥಿತಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಎಂದರೆ, "ಯಾವ ಊರು? ಯಾವ ಜನ? ಇಲ್ಲಿ ಯಾರು ಗೊತ್ತು?" ಅಂತ ಎದುರಿನವನು ಕೇಳುವುದಿಲ್ಲ.

ಡಿಎಚ್‌ಸಿಪಿಯ ನಿಜವಾದ ಜಾಣತನ ಇರುವುದು ಎರಡನೆಯ ಮಾತಿನಲ್ಲಿ: "ಇಷ್ಟು ಹೊತ್ತಿಗೆ." ವಿಳಾಸವನ್ನು ದಾನ ಕೊಡುವುದಿಲ್ಲ, ಬಾಡಿಗೆಗೆ ಕೊಡುತ್ತಾರೆ. ಇಂಗ್ಲಿಷಿನಲ್ಲೂ ಅದಕ್ಕೆ ಲೀಸ್ ಅಂತಲೇ ಹೆಸರು. ಇಲ್ಲಿ ನಾವು ಮುದ್ರಾಂಕ ಕಾಗದದ ಮೇಲೆ ಬರೆಸುವ 11 ತಿಂಗಳ ಕರಾರು ನೆನಪಾಗದೆ ಇರುವುದಿಲ್ಲ. (ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು ಅಂತ 1908ರ ಕಾಯ್ದೆ ಹೇಳುವುದರಿಂದ ಈ 11ರ ಲೆಕ್ಕ.) ಇಲ್ಲಿ ಅವಧಿ ಒಂದು ಗಂಟೆ ಇರಬಹುದು, ಒಂದು ದಿನ ಇರಬಹುದು, ಒಂದು ವಾರವೂ ಇರಬಹುದು. ಅವಧಿ ಅರ್ಧ ಕಳೆಯುತ್ತಿದ್ದಂತೆ ಯಂತ್ರ ತಾನೇ ಹೋಗಿ "ಮುಂದುವರಿಸಿ" ಅಂತ ಕೇಳುತ್ತದೆ. ಉತ್ತರ ಬರದಿದ್ದರೆ, ಎಂಟನೇ ಏಳು ಪಾಲು ಕಳೆದ ಮೇಲೆ ಇನ್ನು ಯಾರಾದರೂ ಸರಿ ಅಂತ ಮತ್ತೆ ಓಣಿಗೇ ಕೂಗುತ್ತದೆ. ಆಗಲೂ ಉತ್ತರವಿಲ್ಲದೆ ಅವಧಿ ಮುಗಿದರೆ ಮನೆ ಖಾಲಿ ಮಾಡಬೇಕು. ಯಂತ್ರ ಹೇಳದೆ ಕೇಳದೆ ಹೊರಟುಹೋದರೂ ಚಿಂತೆಯಿಲ್ಲ, ಅವಧಿ ತೀರಿದ ಮೇಲೆ ಅದೇ ನಂಬರನ್ನು ಇನ್ನೊಬ್ಬರಿಗೆ ಕೊಡಬಹುದು. ಇನ್ನೂರು ನಂಬರು ಇಟ್ಟುಕೊಂಡು ದಿನಕ್ಕೆ ಸಾವಿರ ಜನರನ್ನು ಸಂಭಾಳಿಸುವ ಉಪಾಯ ಇದು.

ನಮ್ಮ ದೇಶದ ಸಾಮಾನ್ಯ ಜನಕ್ಕೆ ಬಾಡಿಗೆ ವಿಳಾಸದ ಪರಿಚಯ ಆದದ್ದು ಇನ್ನೊಂದು ದಾರಿಯಲ್ಲಿ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡತೊಡಗಿತು. ಕಡಿಮೆ ದುಡ್ಡಿನ ಶೆಲ್ ಖಾತೆಯಲ್ಲಿ ನಿಮ್ಮ ಕಂಪ್ಯೂಟರಿಗೆ ವಿಳಾಸವೇ ಇಲ್ಲ. ಅದು ದೂರದ ವಿಎಸ್‌ಎನ್‌ಎಲ್ ಯಂತ್ರಕ್ಕೆ ಉದ್ದನೆಯ ಕೀಲಿಮಣೆ ಮಾತ್ರ. ಹೆಚ್ಚು ದುಡ್ಡು ಕೊಟ್ಟರೆ ಟಿಸಿಪಿ-ಐಪಿ ಖಾತೆ. ಮೋಡೆಮ್ಮು ಕಿರ್ರ್ ಕೊರ್ರ್ ಅಂದು ಕರೆ ಕೂಡಿದ ಮೇಲೆ ಪಿಪಿಪಿ ಅನ್ನುವ ನಿಯಮದ ಪ್ರಕಾರ ಆ ಕರೆ ಮುಗಿಯುವವರೆಗೆ ಒಂದು ವಿಳಾಸ ಸಿಗುತ್ತಿತ್ತು. ಕರೆ ಕಡಿದರೆ ವಿಳಾಸವೂ ಹೋಯಿತು. ಅದೇ ವರ್ಷ ಬಂದ ವಿಂಡೋಸ್ 95ರಲ್ಲಿ ಡಿಎಚ್‌ಸಿಪಿ ಕೇಳುವ ಸೌಲಭ್ಯ ಮೊದಲೇ ಇತ್ತು. ವಿಂಡೋಸ್ 98ರಲ್ಲಿ ಇನ್ನೊಂದು ಅಭ್ಯಾಸ ಸೇರಿತು. ಕೂಗಿ ಕೂಗಿ ಯಾರೂ ಓಗೊಡದಿದ್ದರೆ ಯಂತ್ರ ತಾನೇ 169.254 ಅಂತ ಶುರುವಾಗುವ ಒಂದು ನಂಬರನ್ನು ಹಾಕಿಕೊಳ್ಳುವುದು. ಆ್ಯಪಲ್‌ಟಾಕಿನ ಹಳೆಯ ಉಪಾಯವೇ ಇದು, 2005ರಲ್ಲಿ ಎಲ್ಲರಿಗೂ ಅನ್ವಯಿಸುವ ನಿಯಮವಾಯಿತು. ಆ ನಂಬರಿನಿಂದ ಅಕ್ಕಪಕ್ಕದವರ ಜೊತೆ ಮಾತಾಡಬಹುದು, ಓಣಿಯಾಚೆ ಹೋಗಲಾಗದು. ನಿಮ್ಮ ಯಂತ್ರದಲ್ಲಿ ಎಂದಾದರೂ 169.254 ಕಂಡರೆ ತಿಳಿಯಿರಿ, ಅದು ಕೂಗಿದೆ, ಯಾರಿಗೂ ಕೇಳಿಸಿಲ್ಲ.

ಯಂತ್ರ ಕೂಗಲು ಕಲಿತರೆ ಸಾಲದು, ಓಗೊಡಲು ಆ ಕಡೆ ಒಬ್ಬರು ಇರಬೇಕು. ಅದು ತಂತ್ರಜ್ಞಾನದ ವಿಷಯ ಅನ್ನುವುದಕ್ಕಿಂತ ಯಾರು ದುಡ್ಡು ಹಾಕಿ ಎಲ್ಲಿಯವರೆಗೆ ತಂತಿ ಎಳೆದರು ಅನ್ನುವ ವಿಷಯ. ಈ ಲೆಕ್ಕದಲ್ಲಿ ನಾನು ಬದುಕುತ್ತಿರುವ ರಾಜ್ಯದ ಬಗ್ಗೆ ಎರಡು ಮಾತು ಹೇಳಬೇಕು.

2001ರಲ್ಲಿ ಕೇರಳ ಸರ್ಕಾರ ಐಟಿ@ಸ್ಕೂಲ್ ಯೋಜನೆ ಶುರು ಮಾಡಿತು. ಶಾಲೆಗಳಿಗೆ ಕಂಪ್ಯೂಟರ್ ಒಯ್ಯುವ ಈ ಯೋಜನೆಗೆ ಆಧಾರವಾದ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಯಾರು ಗೊತ್ತಾ? ನಮ್ಮ ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್, ಇಸ್ರೋದ ಅಧ್ಯಕ್ಷರಾಗಿದ್ದವರು. ಮುಂದೆ ಈ ಯೋಜನೆ ಹಣ ಕೊಟ್ಟು ಕೊಳ್ಳುವ ತಂತ್ರಾಂಶ ಬಿಟ್ಟು ಗ್ನೂ-ಲಿನಕ್ಸಿಗೆ ಬಂತು. 2017ರಲ್ಲಿ ಯೋಜನೆಯೇ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದರೊಳಗೆ ಬಂದವು. 1956ರ ಭಾಷಾವಾರು ಪ್ರಾಂತ ರಚನೆಯಲ್ಲಿ ಕೇರಳದ ಪಾಲಿಗೆ ಹೋದ ನೆಲದ ಕನ್ನಡ ಮಕ್ಕಳು, ತಿರುವನಂತಪುರದಿಂದ ಬಂದ ಲಿನಕ್ಸಿನಲ್ಲಿ ಕಂಪ್ಯೂಟರ್ ಕಲಿತರು.

ಒಂದು ಹಳ್ಳಿ ಶಾಲೆಯ ಲ್ಯಾಬ್ ಕಣ್ಣಮುಂದೆ ತಂದುಕೊಳ್ಳಿ. ಲ್ಯಾಬ್ ನೋಡಿಕೊಳ್ಳುವವರು ಗಣಿತದ ಟೀಚರೋ ಸಮಾಜದ ಮೇಷ್ಟ್ರೋ ಆಗಿರುತ್ತಾರೆ. ಹತ್ತು ಹದಿನೈದು ಯಂತ್ರಗಳಿಗೆ ನಾಲ್ಕು ನಾಲ್ಕು ಅಂಕಿಸಾಲು ಕೈಯಿಂದ ಒತ್ತಿ, ಮಕ್ಕಳು ಕೆಡಿಸಿದಾಗ ಮತ್ತೆ ಒತ್ತಬೇಕು ಅಂದರೆ ಆ ಲ್ಯಾಬಿನ ಬಾಗಿಲಿಗೆ ಬೀಗವೇ ಗತಿ. ಇಲ್ಲಿ ಚಿಕ್ಕ ಸಂಗತಿಗಳು ದೊಡ್ಡ ಉಪಕಾರ ಮಾಡಿದವು. ಲಿನಕ್ಸಿನಲ್ಲಿ ಹಿಂದೆ ಕಡತ ತೆರೆದು ವಿಳಾಸ ಬರೆಯಬೇಕಿತ್ತು. 2004ರಲ್ಲಿ ರೆಡ್‌ಹ್ಯಾಟ್ ಕಂಪನಿಯವರು ನೆಟ್‌ವರ್ಕ್ ಮ್ಯಾನೇಜರ್ ಅನ್ನುವ ತಂತ್ರಾಂಶ ಶುರು ಮಾಡಿದ ಮೇಲೆ ತಂತಿ ಚುಚ್ಚಿದರೆ ಸಾಕು ಅನ್ನುವ ಕಾಲ ಬಂತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ ಜೊತೆಗೆ ಸಿಕ್ಕ ಅಂಗೈಯಗಲದ ಡಬ್ಬಿಯೊಳಗೇ ವಿಳಾಸ ಹಂಚುವ ಸರ್ವರ್ ಇತ್ತು. ಚೇಟ್ಟ, ನೋಟುಬುಕ್ಕು, ಡ್ರಾಯರು ಎಲ್ಲ ಆ ಡಬ್ಬಿಯೊಳಗೆ. ಇಂಥ ಡಬ್ಬಿಗಳಲ್ಲಿ ಬಹಳಷ್ಟು ಬಳಕೆಗೆ ಬಂದ ಒಂದು ತಂತ್ರಾಂಶ, ಡಿಎನ್‌ಎಸ್‌ಮಾಸ್ಕ್, ಇಂಗ್ಲೆಂಡಿನ ಸೈಮನ್ ಕೆಲ್ಲಿ ಎಂಬ ಒಬ್ಬರೇ ಬರೆದು ಉಚಿತವಾಗಿ ಬಿಟ್ಟದ್ದು.

ಇನ್ನೊಂದು ಉದಾಹರಣೆ ನಮ್ಮ ಎರ್ನಾಕುಳಂ ಜಂಕ್ಷನ್ ರೈಲು ನಿಲ್ದಾಣದ್ದು. 2016ರಲ್ಲಿ ರೈಲ್‌ಟೆಲ್ ಮತ್ತು ಗೂಗಲ್ ಸೇರಿ ಉಚಿತ ವೈಫೈ ಕೊಟ್ಟ ಮೊದಲ ಕೆಲವು ನಿಲ್ದಾಣಗಳಲ್ಲಿ ಇದೂ ಒಂದು. (ಗೂಗಲ್ 2020ರಲ್ಲಿ ಹಿಂದೆ ಸರಿಯಿತು, ರೈಲ್‌ಟೆಲ್ ಮುಂದುವರಿಸಿತು.) 2018ರಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು, ನಿಮಗೂ ನೆನಪಿರಬಹುದು. ಅದೇ ನಿಲ್ದಾಣದಲ್ಲಿ ಮೂಟೆ ಹೊರುತ್ತಿದ್ದ ಪೋರ್ಟರ್ ಒಬ್ಬರು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ನಿಲ್ದಾಣದ ವೈಫೈಯಲ್ಲಿ ಪಾಠ ಕೇಳುತ್ತ ಕೇಳುತ್ತ ಕೇರಳ ಪಿಎಸ್‌ಸಿಯ ಲಿಖಿತ ಪರೀಕ್ಷೆ ಪಾಸು ಮಾಡಿದರು. ಆ ಮೊಬೈಲಿಗೆ ಜಾಲದ ವಿಳಾಸ ಕೊಟ್ಟ ಯಂತ್ರ, ಬಂದವನು ಎಸಿ ಡಬ್ಬಿಯವನೋ ಮೂಟೆ ಹೊರುವವನೋ ಅಂತ ಕೇಳಲಿಲ್ಲ. ಬೂಟ್‌ಪಿ ಕಾಲದ ಪಟ್ಟಿ ಇದ್ದಿದ್ದರೆ ಅವರ ಹೆಸರನ್ನು ಯಾರು ಬರೆಸುತ್ತಿದ್ದರು ಹೇಳಿ?

ಇಷ್ಟು ಹೊಗಳಿದ್ದಾಯಿತು. ಇನ್ನೊಂದು ಮಗ್ಗುಲೂ ಇದೆ.

"ಯಾರಾದ್ರೂ ಇದ್ದೀರಾ?" ಅಂತ ಕೂಗಿದವನು ಸಾಮಾನ್ಯವಾಗಿ ಮೊದಲು ಓಗೊಟ್ಟವನನ್ನು ನಂಬುತ್ತಾನೆ. ಅವನು ನಿಜವಾದ ಯಜಮಾನನೋ ಅಲ್ಲವೋ ಅಂತ ಪರೀಕ್ಷಿಸುವ ಏರ್ಪಾಡು ಆ ನಾಲ್ಕು ಮಾತಿನಲ್ಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಿಂದೆ ಎಲ್ಲ ಮನೆಗಳಿಗೂ ಒಂದೇ ಜಾಲ ಹಂಚುತ್ತಿದ್ದ ಕಾಲ. ಒಂದು ದಿನ ಮೂರನೇ ಮಹಡಿಯವರೊಬ್ಬರು ಹೊಸ ರೌಟರ್ ತಂದು, ಹೊರಗಿನ ತಂತಿಯನ್ನು ಒಳಗಿನ ತೂತಿಗೆ ಚುಚ್ಚಿದರು. ಆ ಡಬ್ಬಿ ಇಡೀ ಕಟ್ಟಡಕ್ಕೆ ತನ್ನ ಲೆಕ್ಕದ ವಿಳಾಸ ಹಂಚಲು ಕೂತಿತು, ನಾನೇ ಹೊರಬಾಗಿಲು ಅಂತಲೂ ಹೇಳಿತು. ಸಂಜೆಯವರೆಗೆ ಅರ್ಧ ಕಟ್ಟಡಕ್ಕೆ ಇಂಟರ್ನೆಟ್ ಇಲ್ಲ. ಅವರದ್ದು ಗೊತ್ತಿಲ್ಲದೆ ಆದದ್ದು. ಗೊತ್ತಿದ್ದೇ ಮಾಡುವವರೂ ಇದ್ದಾರೆ. ಹೊರಬಾಗಿಲು ನಾನೇ ಅಂದವನ ಮೂಲಕ ನಿಮ್ಮ ಎಲ್ಲ ಮಾತೂ ಹಾದುಹೋಗುತ್ತದೆ. ದೊಡ್ಡ ಕಚೇರಿಗಳ ಸ್ವಿಚ್ಚುಗಳು ಇದಕ್ಕಾಗಿಯೇ ಗೊತ್ತಿಲ್ಲದ ತೂತಿನಿಂದ ಬರುವ ಉತ್ತರಗಳನ್ನು ತಡೆಯುತ್ತವೆ. ಅಪರಿಚಿತ ಜಾಗದ ಉಚಿತ ವೈಫೈಯಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ ಅಂತ ಹೇಳುವುದಕ್ಕೂ ಇದು ಒಂದು ಕಾರಣ.

ಎರಡನೆಯದು ಇದಕ್ಕಿಂತ ಗಂಭೀರ. ಬಾಡಿಗೆ ಮನೆಯಲ್ಲಿ ಇವತ್ತು ನೀವು, ಮುಂದಿನ ವರ್ಷ ಇನ್ನೊಬ್ಬರು. ಹಾಗಾಗಿ ವಿಳಾಸ ಹೇಳಿದರೆ ಸಾಲದು, ಯಾವ ತಾರೀಕಿನ ಮಾತು ಅಂತಲೂ ಹೇಳಬೇಕು. ಜಾಲದಲ್ಲಂತೂ ಗಂಟೆ ನಿಮಿಷ ಬೇಕು. ಬೆಳಿಗ್ಗೆ ನಿಮ್ಮದಾಗಿದ್ದ ನಂಬರು ಸಂಜೆ ಇನ್ಯಾರದೋ. 2007ರ ಆಗಸ್ಟ್ ಕೊನೆಯಲ್ಲಿ ಪುಣೆಯ ಪೊಲೀಸರು ಬೆಂಗಳೂರಿನಲ್ಲಿದ್ದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು ಬಂಧಿಸಿ ಕರೆದುಕೊಂಡು ಹೋದರು. ಆರ್ಕುಟ್ ತಾಣದಲ್ಲಿ ಛತ್ರಪತಿ ಶಿವಾಜಿಯ ಅವಹೇಳನಕಾರಿ ಚಿತ್ರ ಹಾಕಿದ ಆರೋಪ. ಚಿತ್ರ ಹಾಕಿದ ಐಪಿ ವಿಳಾಸ ಹಿಡಿದು ಕೇಳಿದಾಗ ಇಂಟರ್ನೆಟ್ ಕಂಪನಿಯ ದಾಖಲೆ ಇವರ ಹೆಸರು ಹೇಳಿತ್ತು. ಆಮೇಲೆ ಗೊತ್ತಾದದ್ದು, ಆ ಹೊತ್ತಿಗೆ ಆ ವಿಳಾಸ ಅವರದ್ದಾಗಿರಲೇ ಇಲ್ಲ. ಅಷ್ಟು ಗೊತ್ತಾಗುವಷ್ಟರಲ್ಲಿ ಅವರು 50 ದಿನ ಜೈಲಿನಲ್ಲಿದ್ದರು. ಮಾಡದ ತಪ್ಪಿಗೆ, ಪರ ರಾಜ್ಯದ ಜೈಲಿನಲ್ಲಿ, ಒಂದು ಬಾಡಿಗೆ ನಂಬರಿನ ದೆಸೆಯಿಂದ 50 ದಿನ.

ನೋಟುಬುಕ್ಕಿನ ಚೇಟ್ಟ ಇದ್ದಾಗ ಕಾಯಬೇಕಿತ್ತು ನಿಜ. ಆದರೆ ಅವರಿಗೆ ನಮ್ಮ ಮುಖ ಗೊತ್ತಿತ್ತು, ನಮ್ಮ ನಂಬರು ಬದಲಾಗುತ್ತಿರಲಿಲ್ಲ. ಈಗ ಕಾಯುವುದು ತಪ್ಪಿದೆ. "ಕೊಟ್ಟೆ, ಬರೆದುಕೊಂಡೆ" ಅನ್ನುವ ನಾಲ್ಕನೇ ಮಾತಿನ ಆ "ಬರೆದುಕೊಂಡೆ"ಯ ಮೇಲೆ ಈಗ ಭಾರ ಬಿದ್ದಿದೆ. ಆ ಬರಹ ಸರಿಯಿಲ್ಲದಿದ್ದರೆ, ಅಥವಾ ಅದನ್ನು ಓದುವವರು ಹೊತ್ತು ನೋಡದೆ ನಂಬರು ಮಾತ್ರ ನೋಡಿದರೆ, ಯಾರ ಮನೆಯ ಬಾಗಿಲನ್ನಾದರೂ ಬಡಿಯಬಹುದು.

ಆ ಮೇಲೆ ತೊಡಕು ಇನ್ನಷ್ಟು ಹೆಚ್ಚಿದೆ. ಹಳೆಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಜಗತ್ತಿನ ಜನಸಂಖ್ಯೆಗೇ ಸಾಲದು. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಮುಗಿಯಿತು, ಏಪ್ರಿಲಿನಲ್ಲಿ ಏಷ್ಯಾ ಪಾಲಿನದ್ದೂ ಕಡೆಯ ಮೂಟೆಗೆ ಬಂತು. ಆದ್ದರಿಂದ ಹಲವು ಕಂಪನಿಗಳು ಒಂದೇ ಹೊರಗಿನ ವಿಳಾಸದ ಹಿಂದೆ ನೂರಾರು ಗಿರಾಕಿಗಳನ್ನು ಕೂರಿಸುತ್ತವೆ. ಇಡೀ ವಠಾರಕ್ಕೆ ಒಂದೇ ಡೋರ್ ನಂಬರು ಇದ್ದ ಹಾಗೆ. ಅಲ್ಲಿ ನಂಬರಿನ ಜೊತೆಗೆ ಹೊತ್ತು ಗೊತ್ತಿದ್ದರೂ ಸಾಲದು, ಯಾವ ಕೋಣೆ ಅಂತಲೂ ಬೇಕು.

ಐಪಿಯ ಆರನೇ ಆವೃತ್ತಿಯಲ್ಲಿ ವಿಳಾಸಕ್ಕೆ ಬರವಿಲ್ಲ. ಅಲ್ಲಿ ಯಂತ್ರ ಯಾರನ್ನೂ ಬಾಡಿಗೆಗೆ ಕೇಳದೆ, ಓಣಿಯ ಹೆಸರಿಗೆ ತನ್ನ ನಂಬರು ಸೇರಿಸಿ ತಾನೇ ವಿಳಾಸ ಕಟ್ಟಿಕೊಳ್ಳುವ ನಿಯಮ 1996ರಲ್ಲೇ ಬಂತು. ಆದರೆ ಕಾರ್ಡಿನ ನಂಬರನ್ನೇ ಸೇರಿಸುತ್ತಿದ್ದುದರಿಂದ, ಯಾವ ಊರಿಗೆ ಹೋದರೂ ಹಣೆಯ ಮೇಲೆ ಅದೇ ಹಚ್ಚೆ. ಯಾರು ಬೇಕಾದರೂ ಜಾಡು ಹಿಡಿಯಬಹುದು. 2001ರಲ್ಲಿ ಆಗಾಗ ಬದಲಾಗುವ ವಿಳಾಸದ ಏರ್ಪಾಡು ಮಾಡಿದರು. ಈಚಿನ ಮೊಬೈಲುಗಳಂತೂ (ಐಫೋನಿನಲ್ಲಿ 2020ರಿಂದ) ಒಂದೊಂದು ವೈಫೈಗೆ ಒಂದೊಂದು ಸುಳ್ಳು ಕಾರ್ಡ್ ನಂಬರು ಹೇಳುತ್ತವೆ. ಬಂದವನಿಗೆ ಜಾಗ ಕೊಡಬೇಕು, ಅವನ ಬೆನ್ನು ಹತ್ತಬಾರದು, ಆದರೆ ತಪ್ಪು ನಡೆದರೆ ಸರಿಯಾದವನನ್ನೇ ಹಿಡಿಯಬೇಕು. ಈ ಮೂರನ್ನೂ ಒಟ್ಟಿಗೆ ಸಾಧಿಸುವುದು ಕಂಪ್ಯೂಟರಿನವರಿಗೂ ಸುಲಭವಾಗಿಲ್ಲ, ಊರಿನವರಿಗೂ ಸುಲಭವಾಗಿಲ್ಲ.

2023ರ ಜೂನ್ 5ರಂದು ಕೇರಳ ಸರ್ಕಾರ ಕೆ-ಫೋನ್ ಅನ್ನುವ ತನ್ನದೇ ಫೈಬರ್ ಜಾಲವನ್ನು ಉದ್ಘಾಟಿಸಿತು. 30,000 ಸರ್ಕಾರಿ ಕಚೇರಿಗಳಿಗೂ 20 ಲಕ್ಷ ಬಡ ಕುಟುಂಬಗಳಿಗೂ ಸಂಪರ್ಕ ಕೊಡುವುದು ಗುರಿ. ಗುರಿ ಮುಟ್ಟುವ ವೇಗದ ಬಗ್ಗೆ, ಖರ್ಚಿನ ಬಗ್ಗೆ ಜಗಳಗಳಿವೆ, ಇರಲಿ. 2020ರ ಜೂನಿನಲ್ಲಿ ಶಾಲೆಗಳೆಲ್ಲ ಮುಚ್ಚಿ ಟಿವಿ, ಮೊಬೈಲುಗಳಲ್ಲಿ ಪಾಠ ಶುರುವಾದಾಗ, ಎರಡೂ ಇಲ್ಲದ ಮನೆಯ ಮಕ್ಕಳ ಕೂಗು ಯಾರಿಗೂ ಕೇಳಿಸದ 169.254 ಆಗಿತ್ತು ಅನ್ನುವುದನ್ನು ನೋಡಿದವರಿಗೆ, ಆ ಗುರಿ ಯಾಕೆ ಬೇಕು ಅಂತ ವಿವರಿಸಬೇಕಾಗಿಲ್ಲ.

ನೀವು ಈಗ ಇರುವ ಊರಿನಲ್ಲಿ, ಅದು ಪುಣೆಯೋ ದುಬೈಯೋ ಡಲ್ಲಾಸೋ, ಮೊಬೈಲಿನ ವೈಫೈ ವಿವರ ತೆರೆದು ನೋಡಿ. ಬಹಳಷ್ಟು ಮನೆಗಳಲ್ಲಿ 192.168 ಅಂತ ಶುರುವಾಗುವ ನಂಬರು ಕಾಣುತ್ತದೆ. 1994ರಲ್ಲಿ ಒಳಮನೆಯ ಬಳಕೆಗೆಂದು ಬಿಟ್ಟುಕೊಟ್ಟ ನಂಬರುಗಳವು. ಲಕ್ಷಾಂತರ ಮನೆಗಳಲ್ಲಿ ಅದೇ ನಂಬರು ಇನ್ಯಾರದೋ ಮೊಬೈಲಿಗೆ ಇರುತ್ತದೆ. ಇನ್ನು ಮುಂದೆ ಪತ್ರಿಕೆಯಲ್ಲಿ "ಐಪಿ ವಿಳಾಸ ಪತ್ತೆ ಹಚ್ಚಿ ಆರೋಪಿಯ ಬಂಧನ" ಅಂತ ಓದಿದಾಗ, ತೀರ್ಪು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ವಿಳಾಸ ಯಾವ ಹೊತ್ತಿನದ್ದು, ಆ ಹೊತ್ತಿಗೆ ಯಾರು ಬಾಡಿಗೆಗಿದ್ದರು?